ಕೆನ್ಯಾದ ಡೈರಿಗೆ ಬೆಂಗಳೂರಿನಿಂದ ಸಲಹೆ: ಒಂದೇ ಪ್ರಶ್ನೆ ಸಾಕು

ಮಾನ್ಯ ಸಂಪಾದಕರೇ,

ಕಾಲೇಜು ವಿದ್ಯಾರ್ಥಿಗಳು ತಮ್ಮೂರಿನಲ್ಲೇ ಕುಳಿತು ಆಫ್ರಿಕಾದ ಸಹಕಾರ ಸಂಘಗಳಿಗೆ, ಸಣ್ಣ ಉದ್ದಿಮೆಗಳಿಗೆ ಆರ್ಥಿಕ ಸಲಹೆಗಾರರಾಗಿ ಕೆಲಸ ಮಾಡುವುದು ಹೊಸದಲ್ಲ. ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವಕರ ವ್ಯವಸ್ಥೆ ಶುರುವಾದದ್ದೇ 2000ದಲ್ಲಿ. ಅಮೆರಿಕ, ಯುರೋಪಿನ ವಿಶ್ವವಿದ್ಯಾಲಯಗಳ ತಂಡಗಳು ಮೊದಲು ವಿಮಾನ ಹತ್ತಿ ಹೋಗುತ್ತಿದ್ದವು. 2020ರಲ್ಲಿ ಕೋವಿಡ್ ಬಂದು ದಾರಿ ಮುಚ್ಚಿದಾಗ ಕಂಪ್ಯೂಟರ್ ಮುಂದೆ ಕುಳಿತವು, ಖರ್ಚು ಉಳಿಯುತ್ತದೆಂದು ಹಲವು ಅಲ್ಲೇ ಉಳಿದವು. ನಮ್ಮಲ್ಲೂ ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾದ ಮೇಲೆ ಎಂಬಿಎ, ಕೃಷಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ‘ಅಂತರರಾಷ್ಟ್ರೀಯ ಪ್ರಾಜೆಕ್ಟ್’ ಹುಡುಕುತ್ತಿದ್ದಾರೆ.

ಇದು ಬೇಡ ಎನ್ನುವುದಕ್ಕೆ ಈ ಪತ್ರವಲ್ಲ. ಹತ್ತು ವಾರ ದುಡಿದು ಅರವತ್ತು ಸ್ಲೈಡುಗಳ ವರದಿ ಕಳಿಸುವುದು, ಆಚೆಯವರು ‘ಥ್ಯಾಂಕ್ಯೂ’ ಎಂದು ಬರೆದು ಅದನ್ನು ತೆರೆಯದೆ ಬಿಡುವುದು, ಇಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಸಿಗುವುದು, ಆ ರೀತಿ ಬೇಡ ಎನ್ನುವುದಕ್ಕೆ. ದೂರದಿಂದ ಮಾಡಬಹುದಾದ ಕೆಲಸ ಖಂಡಿತ ಇದೆ, ಆದರೆ ಅದು ಚಿಕ್ಕದು. ಒಂದು ಸಂಘ, ಆ ಸಂಘವೇ ಕೇಳಿದ ಒಂದು ಪ್ರಶ್ನೆ, ಅದರದೇ ಲೆಕ್ಕದ ಪುಸ್ತಕ, ಮತ್ತು ಕೂಲಿ ಪಡೆದು ಸ್ಥಳದಲ್ಲಿ ಓಡಾಡುವ ಅಲ್ಲಿನ ಒಬ್ಬ ವಿದ್ಯಾರ್ಥಿ. ಇದರಲ್ಲಿ ಒಂದು ತಪ್ಪಿದರೂ ಕೆಲಸ ಹೇಗೆ ಕೆಡುತ್ತದೆ ಎನ್ನುವುದನ್ನು ಕರ್ನಾಟಕದವರಿಗೆ ಪರಿಚಯವಿರುವ ಹಾಲಿನ ವಿಷಯ ಹಿಡಿದೇ ಹೇಳಬಹುದು.

ಕೆನ್ಯಾದ ನ್ಯಾಂಡಾರುವಾ, ಕಿಯಾಂಬು, ಮೇರು, ನಂದಿ ಮೊದಲಾದ ಎತ್ತರದ ಜಿಲ್ಲೆಗಳಲ್ಲಿ ಎರಡು ಮೂರು ಹಸು ಕಟ್ಟಿದ ಸಣ್ಣ ರೈತರೇ ಹೆಚ್ಚು. ಹಾಲಿನ ಸಂಘವಿದೆ, ಹಾಲು ತಂಪಾಗಿಡುವ ದೊಡ್ಡ ಕೂಲರ್ ಬಿಎಂಸಿ ಇದೆ, ಕ್ಯಾನು, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಎಲ್ಲವೂ ಇದೆ. ಮೇಲ್ನೋಟಕ್ಕೆ ಮಂಡ್ಯದ ಹಳ್ಳಿಯ ಡೈರಿಯ ಹಾಗೆಯೇ ಕಾಣುತ್ತದೆ, ನಮ್ಮ ವಿದ್ಯಾರ್ಥಿಗಳು ಮೊದಲು ಎಡವುವುದೂ ಇಲ್ಲೇ. ನಮ್ಮಲ್ಲಿ ಹಳ್ಳಿಯ ಸಂಘದ ಮೇಲೆ ಒಕ್ಕೂಟ, ಒಕ್ಕೂಟದ ಮೇಲೆ ಕೆಎಂಎಫ್. ಪರೀಕ್ಷೆಯಲ್ಲಿ ಪಾಸಾದ ಹಾಲನ್ನು ಒಕ್ಕೂಟ ಕೊಳ್ಳುತ್ತದೆ. ಫ್ಯಾಟ್ (ಜಿಡ್ಡು), ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ನೋಡಿ ದರ ಕಟ್ಟುತ್ತಾರೆ. ಸರ್ಕಾರದ ಪ್ರೋತ್ಸಾಹಧನ ಬೇರೆ. ಕೆನ್ಯಾದಲ್ಲಿ ಈ ಏಣಿ ಇಲ್ಲ. 1925ರಲ್ಲಿ ಹುಟ್ಟಿದ ಹಾಲು ಸಂಸ್ಕರಣಾ ಸಹಕಾರಿ ಸಂಸ್ಥೆ ಕೆಸಿಸಿ ಕುಸಿದು, 2003ರಲ್ಲಿ ‘ನ್ಯೂ ಕೆಸಿಸಿ’ ಎಂದು ಸರ್ಕಾರದ ಕೈಗೆ ಬಂದು ಮತ್ತೆ ಚೇತರಿಸಿಕೊಂಡಿತು. ಅದರ ಜೊತೆಗೆ ಖಾಸಗಿ ಸಂಸ್ಕರಣಾ ಕಂಪನಿಗಳಿವೆ. ಆದರೆ ಮಾರಾಟವಾಗುವ ಹಾಲಿನ ದೊಡ್ಡ ಪಾಲು ಈಗಲೂ ಹಸಿ ಹಾಲಾಗಿಯೇ, ಬಿಡಿ ವ್ಯಾಪಾರಿಗಳು, ಹಾಲಿನ ಅಂಗಡಿಗಳು ಮತ್ತು ಹಾಲಿನ ಎಟಿಎಂಗಳ ಮೂಲಕ ಹೋಗುತ್ತದೆ. ಬಹುತೇಕ ಸಂಘಗಳಲ್ಲಿ ದರ ತೂಕಕ್ಕೆ, ಜಿಡ್ಡಿಗಲ್ಲ. ಇದು ಗೊತ್ತಿಲ್ಲದೆ ಶುರುಮಾಡಿದ ತಂಡ ‘ಜಿಡ್ಡು ಹೆಚ್ಚಿಸಿದರೆ ರೈತನಿಗೆ ಹೆಚ್ಚು ಹಣ’ ಎಂದು ಮೂರು ವಾರ ವ್ಯರ್ಥ ಮಾಡುತ್ತದೆ.

ಸಂಘದ ವ್ಯವಸ್ಥಾಪಕರನ್ನು ‘ನಿಮ್ಮ ಸಮಸ್ಯೆ ಏನು’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಇನ್ನೊಂದು ಕೂಲರ್ ಬೇಕು, ಅಥವಾ ಮೊಸರಿನ ಯಂತ್ರ ಬೇಕು. ಅವರನ್ನು ದೂರುವಂತಿಲ್ಲ. ವರ್ಷಗಳಿಂದ ದಾನಿಗಳು ಕೊಟ್ಟದ್ದು ಯಂತ್ರಗಳನ್ನೇ. ವಿದ್ಯಾರ್ಥಿಗಳಿಗೂ ಯಂತ್ರದ ಮೇಲೆ ಪ್ರೀತಿ, ಸ್ಲೈಡಿನಲ್ಲಿ ಚಿತ್ರ ಹಾಕಬಹುದಲ್ಲ! ಅದರ ಬದಲು ಹಿಂದಿನ ಹನ್ನೆರಡು ತಿಂಗಳ ದಿನವಹಿ ಹಾಲು ಸ್ವೀಕಾರದ ಪುಸ್ತಕದ ಫೋಟೊ ಕಳಿಸಿ ಎಂದು ಕೇಳಬೇಕು. ಆ ಒಂದು ಪುಸ್ತಕದಲ್ಲಿ ಅರ್ಧ ಉತ್ತರ ಸಿಗುತ್ತದೆ.

ಅಂದಾಜಿಗೆಂದು ಹಿಡಿದ ಅಂಕಿಗಳಲ್ಲಿ ಲೆಕ್ಕ ಹಾಕಿ ತೋರಿಸುತ್ತೇವೆ. 3,000 ಲೀಟರಿನ ಬಿಎಂಸಿ ಇರುವ ಸಂಘ ಎನ್ನಿ. ಮಳೆಗಾಲದಲ್ಲಿ ದಿನಕ್ಕೆ 2,400 ಲೀಟರ್ ಬರುತ್ತದೆ, ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳಲ್ಲಿ 1,100. ಲೀಟರಿಗೆ ರೈತನಿಗೆ 45 ಕೆನ್ಯಾ ಶಿಲ್ಲಿಂಗ್, ಸಂಸ್ಕರಣಾ ಕಂಪನಿಯಿಂದ 50. ನಡುವಿನ ಐದರಲ್ಲಿ ಸಾಗಣೆಗೆ ಒಂದೂವರೆ ಹೋದರೆ ಕೈಗೆ ಉಳಿಯುವುದು ಲೀಟರಿಗೆ ಮೂರೂವರೆ ಶಿಲ್ಲಿಂಗ್. ಹಾಲು ಬರಲಿ ಬಿಡಲಿ ತಪ್ಪದ ಖರ್ಚು, ಅಂದರೆ ನೌಕರರ ಸಂಬಳ, ಕಾವಲು, ಸಾಲದ ಕಂತು, ಕನಿಷ್ಠ ವಿದ್ಯುತ್, ದಿನಕ್ಕೆ 6,600 ಶಿಲ್ಲಿಂಗ್ ಎಂದು ಹಿಡಿಯಿರಿ. ಮಳೆಗಾಲದಲ್ಲಿ ದಿನಕ್ಕೆ 1,800 ಶಿಲ್ಲಿಂಗ್ ಉಳಿತಾಯ. ಒಣಗಾಲದಲ್ಲಿ ದಿನಕ್ಕೆ 2,750 ನಷ್ಟ. ಖರ್ಚು ಸರಿದೂಗಬೇಕಾದರೆ ದಿನಕ್ಕೆ ಸುಮಾರು 1,886 ಲೀಟರ್ ಬರಬೇಕು. ಇದ್ದ ಕೂಲರೇ ವರ್ಷದಲ್ಲಿ ಕೆಲವು ತಿಂಗಳು ಅರ್ಧಕ್ಕಿಂತ ಹೆಚ್ಚು ಖಾಲಿ ಇರುವಾಗ ಎರಡನೆಯದನ್ನು ಕೊಂಡರೆ ಏರುವುದು ಕಂತಿನ ಸಾಲು ಮಾತ್ರ. ಈ ಲೆಕ್ಕ ಮಾಡುವುದಕ್ಕೆ ನೈರೋಬಿಗೆ ಹೋಗಬೇಕಾಗಿಲ್ಲ. ಆದರೆ ಅದಕ್ಕೆ ಬೇಕಾದ ಆರು ಅಂಕಿಗಳು ಆ ಸಂಘದ ಪುಸ್ತಕದಿಂದಲೇ ಬರಬೇಕು, ಯಾವುದೋ ವರದಿಯ ‘ರಾಷ್ಟ್ರೀಯ ಸರಾಸರಿ’ಯಿಂದ ಅಲ್ಲ.

ಹಾಗಾದರೆ ಒಣಗಾಲದ ಹಾಲು ಎಲ್ಲಿ ಹೋಗುತ್ತದೆ? ಒಂದಿಷ್ಟು ಉತ್ಪಾದನೆಯೇ ಇಳಿಯುತ್ತದೆ, ಮೇವಿಲ್ಲ. ಉಳಿದದ್ದು ಬೈಕಿನಲ್ಲಿ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ ಹೋಗುತ್ತದೆ. ಅವನ ದರ ಕೆಲವೊಮ್ಮೆ ಸಂಘದ್ದಕ್ಕಿಂತ ಹೆಚ್ಚು, ಕೆಲವೊಮ್ಮೆ ಅಷ್ಟೇ. ಮುಖ್ಯ ವ್ಯತ್ಯಾಸ ಬಟವಾಡೆಯಲ್ಲಿದೆ: ಅವನು ಅಂದೇ ಕೊಡುತ್ತಾನೆ, ಸಂಘ ತಿಂಗಳು ಮುಗಿದ ಮೇಲೆ ಕೊಡುತ್ತದೆ. ಮಕ್ಕಳ ಶಾಲಾ ಶುಲ್ಕ ಕಟ್ಟುವ ವಾರದಲ್ಲಿ ಸಂಘದ ಸ್ವೀಕಾರ ಏಕೆ ಜಾರುತ್ತದೆ ಎನ್ನುವುದಕ್ಕೆ ‘ಸದಸ್ಯರಲ್ಲಿ ನಿಷ್ಠೆಯ ಕೊರತೆ’ ಎಂದು ಬರೆಯುವ ವರದಿಗಳಿವೆ. ಕೈಗೆ ಕಾಸು ಬೇಕಾದವನು ಕಾಸು ಕೊಡುವವನ ಹತ್ತಿರ ಹೋಗುತ್ತಾನೆ, ಅಷ್ಟೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ: ವಾರಕ್ಕೊಮ್ಮೆ ಬಟವಾಡೆ ಮಾಡಿದರೆ ಸಂಘಕ್ಕೆ ಎಷ್ಟು ಬೀಳುತ್ತದೆ? ಕಂಪನಿ ತಿಂಗಳು ಮುಗಿದು ಹದಿನೈದು ದಿನಕ್ಕೆ ಹಣ ಕೊಡುತ್ತದೆ ಎಂದುಕೊಂಡರೆ, ಹಾಲು ಹಾಕಿದ ದಿನದಿಂದ ಹಣ ಬರುವವರೆಗೆ ಸರಾಸರಿ 30 ದಿನ. ವಾರದ ಬಟವಾಡೆಯಲ್ಲಿ ರೈತ ಕಾಯುವುದು ಸರಾಸರಿ ಮೂರೂವರೆ ದಿನ. ನಡುವಿನ ಇಪ್ಪತ್ತಾರೂವರೆ ದಿನದ ಹಣವನ್ನು ಸಂಘ ಎಲ್ಲಿಂದಾದರೂ ತರಬೇಕು. ದಿನಕ್ಕೆ 1,100 ಲೀಟರ್, 45 ಶಿಲ್ಲಿಂಗಿನಂತೆ 49,500. ಅಷ್ಟು ದಿನಕ್ಕೆ ಸುಮಾರು 13 ಲಕ್ಷ 12 ಸಾವಿರ ಶಿಲ್ಲಿಂಗ್. ಶೇ 15ರ ಬಡ್ಡಿಗೆ ತಂದರೆ ವರ್ಷಕ್ಕೆ ಸುಮಾರು 1 ಲಕ್ಷ 97 ಸಾವಿರ, ಅಂದರೆ ಲೀಟರಿಗೆ ಸರಿಸುಮಾರು ಅರ್ಧ ಶಿಲ್ಲಿಂಗ್. ಉಳಿಯುತ್ತಿದ್ದ ಮೂರೂವರೆ ಮೂರಕ್ಕೆ ಇಳಿಯುತ್ತದೆ. ಒಣಗಾಲದ ನಷ್ಟ ಈಗಿನಷ್ಟೇ ಇರಬೇಕಾದರೂ ದಿನಕ್ಕೆ 1,283 ಲೀಟರ್ ಬರಬೇಕು. ವಾರದ ಬಟವಾಡೆಯಿಂದ ದಿನಕ್ಕೆ 183 ಲೀಟರಿಗಿಂತ ಹೆಚ್ಚು ಹಾಲು ವ್ಯಾಪಾರಿಯ ಬೈಕಿನಿಂದ ವಾಪಸ್ ಬಂದರೆ ಸಂಘಕ್ಕೆ ಲಾಭ, ಬಾರದಿದ್ದರೆ ಇಲ್ಲ. ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯ ಮೂಲಕ ತಿಂಗಳಿಗೆ ಒಂದರ ಬದಲು ನಾಲ್ಕು ಸಲ ಹಣ ಕಳಿಸುವ ಶುಲ್ಕವನ್ನು ಇದಕ್ಕೆ ಸೇರಿಸಬೇಕು. ಸಣ್ಣ ಮೊತ್ತಗಳಲ್ಲಿ ಆ ಶುಲ್ಕ ಬಡ್ಡಿಗಿಂತ ಹೆಚ್ಚು ಕಚ್ಚಬಹುದು, ಹಾಗಾಗಿ ಆ ಸೇವೆ ನಡೆಸುವ ಸಫಾರಿಕಾಮ್‌ನ ಆ ದಿನದ ದರಪಟ್ಟಿಯನ್ನು ನೋಡಿಯೇ ಲೆಕ್ಕ ಹಾಕಬೇಕು.

ಇಷ್ಟೇ ಸಲಹೆ. ‘183 ಲೀಟರ್’ ಎಂಬ ಒಂದು ಅಂಕಿ. ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚೆಗೆ ಬರುವುದು ಅದು. ಪ್ರತಿ ಬಾರಿ ಬಡ್ಡಿ ಅಥವಾ ದರ ಬದಲಾದಾಗ ಹೊಸ ಅಂಕಿ ತೋರಿಸುವ ಒಂದು ಎಕ್ಸೆಲ್ ಹಾಳೆ ಮಾಡಿಕೊಟ್ಟರೆ ಹತ್ತು ವಾರದ ಇಂಟರ್ನ್‌ಶಿಪ್ ಸಾರ್ಥಕ.

ಆದರೆ ಈ ಸರಳ ಲೆಕ್ಕದಲ್ಲೂ ದೂರ ಕೂತವರು ಬೀಳುವ ಗುಂಡಿಗಳು ಅನೇಕ. ಮೊದಲನೆಯದು ತೂಕ. ಅಲ್ಲಿನ ಹಲವು ಸಂಘಗಳು ರೈತನಿಂದ ಹಾಲನ್ನು ತಕ್ಕಡಿಯಲ್ಲಿ ತೂಗಿ ಕಿಲೋದಲ್ಲಿ ಬರೆದುಕೊಳ್ಳುತ್ತವೆ. ಟ್ಯಾಂಕರ್ ರಸೀದಿ ಲೀಟರಿನಲ್ಲಿ ಇರಬಹುದು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ. 1,000 ಕಿಲೋ ಎಂದರೆ 971 ಲೀಟರ್. ಘಟಕ ಗಮನಿಸದ ವಿದ್ಯಾರ್ಥಿಗೆ ಪ್ರತಿ ಸಾವಿರಕ್ಕೆ 29 ‘ಕಾಣೆಯಾದ’ ಹಾಲು ಕಾಣುತ್ತದೆ, ವರದಿಯಲ್ಲಿ ‘ಸಂಗ್ರಹಣೆಯಲ್ಲಿ ಶೇ 3ರ ಸೋರಿಕೆ’ ಎಂದು ಬರುತ್ತದೆ, ಅಲ್ಲೊಬ್ಬ ಹಾಲು ಸಂಗ್ರಹಿಸುವವನ ಕೆಲಸ ಹೋಗುತ್ತದೆ. ನಿಜವಾದ ಸೋರಿಕೆ ಬೇರೆ ಇರಬಹುದು, ಅದನ್ನು ಈ ಮೂರು ಪರ್ಸೆಂಟ್ ಕಳೆದ ಮೇಲೆ ಹುಡುಕಬೇಕು.

ಲ್ಯಾಕ್ಟೋಮೀಟರ್ ಓದಿಗೂ ಇದೇ ಮಾತು. ಒಳ್ಳೆಯ ಹಸುವಿನ ಹಾಲಿಗೆ 26ರಿಂದ 32 ಬರಬೇಕು, ಆದರೆ ಆ ಓದು ಉಪಕರಣದ ಮೇಲೆ ಬರೆದ ಉಷ್ಣಾಂಶಕ್ಕೆ ಮಾತ್ರ ಸರಿ. ಆಗಷ್ಟೇ ಕರೆದ ಬೆಚ್ಚನೆಯ ಹಾಲು ಕಡಿಮೆ ತೋರಿಸುತ್ತದೆ. ಉಷ್ಣಾಂಶದ ಕಾಲಮ್ ಇಲ್ಲದ ಪುಸ್ತಕದಿಂದ ‘ನೀರು ಬೆರೆಸುವ ರೈತರ ಪಟ್ಟಿ’ ಮಾಡಿಕೊಡುವುದು ಅಪಾಯದ ಕೆಲಸ.

ಗಡಿಯಾರ ಇನ್ನೊಂದು. ಪೂರ್ವ ಆಫ್ರಿಕಾದ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ, ಇದು ಫೋನೇ ಹೇಳುತ್ತದೆ. ಫೋನ್ ಹೇಳದ್ದು, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗಂಟೆ ಎಣಿಸುವುದು ಹಗಲಿಗೆ ಸೂರ್ಯೋದಯದಿಂದ, ರಾತ್ರಿಗೆ ಸೂರ್ಯಾಸ್ತದಿಂದ. ‘ಸಾ ತಾತು’ ಅಂದರೆ ಮೂರನೇ ಗಂಟೆ, ನಮ್ಮ ಲೆಕ್ಕಕ್ಕೆ ಬೆಳಿಗ್ಗೆ ಒಂಬತ್ತು. ಇಂಗ್ಲಿಷಿನಲ್ಲಿ ಮಾತಾಡುವಾಗ ಕೆನ್ಯಾದವರು ಎಲ್ಲರ ಗಡಿಯಾರವನ್ನೇ ಬಳಸುತ್ತಾರೆ. ಆದರೆ ರೈತ ಹೇಳಿದ್ದನ್ನು ಹಾಗೇ ಬರೆದುಕೊಂಡ ಸಮೀಕ್ಷೆಯ ಹಾಳೆಯಲ್ಲಿ ‘ಹಾಲು ಕರೆಯುವ ಸಮಯ 11’ ಎಂದಿದ್ದರೆ ಅದು ಬೆಳಗಿನ ಐದು. ಕರೆದು ಎರಡು ಮೂರು ಗಂಟೆಯೊಳಗೆ ಹಾಲು ತಣ್ಣಗಾಗಬೇಕೆಂಬ ಲೆಕ್ಕ ಇಲ್ಲಿ ಆರು ಗಂಟೆ ತಪ್ಪುತ್ತದೆ. ಇಥಿಯೋಪಿಯಾದ ಕಾಫಿ ಸಂಘಗಳ ಜೊತೆ ಕೆಲಸ ಮಾಡುವವರಿಗೆ ಇದರ ಮೇಲೆ ಕ್ಯಾಲೆಂಡರ್ ಬೇರೆ: ಹದಿಮೂರು ತಿಂಗಳು, ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದೆ. ಅವರ 2016 ಶುರುವಾದದ್ದು ನಮ್ಮ 2023ರ ಸೆಪ್ಟೆಂಬರ್ 12ಕ್ಕೆ. ಅಲ್ಲಿನ ‘2015ರ ಬೆಲೆ’ಯನ್ನು ವಿಶ್ವಬ್ಯಾಂಕಿನ 2015ರ ಅಂಕಿಯ ಪಕ್ಕದಲ್ಲಿಟ್ಟ ಗ್ರಾಫ್‌ಗೆ ಅರ್ಥವಿಲ್ಲ. ಅಲ್ಲಿ ಕಾಫಿ ತೂಗುವ ಫೆರೆಸುಲಾ 17 ಕಿಲೋ ಎನ್ನುವುದೂ ತಿಳಿದಿರಲಿ.

ಡಾಲರಿಗೆ ಬದಲಾಯಿಸುವ ಚಟ ಬಿಡಬೇಕು. ಕೆನ್ಯಾದ ಶಿಲ್ಲಿಂಗ್ 2024ರ ಜನವರಿಯಲ್ಲಿ ಡಾಲರಿಗೆ 160ರ ಹತ್ತಿರ ಇತ್ತು, ಅದೇ ವರ್ಷದ ಮಧ್ಯಕ್ಕೆ 130ರ ಆಸುಪಾಸಿಗೆ ಬಂತು. ಇಥಿಯೋಪಿಯಾ 2024ರ ಜುಲೈ ಕೊನೆಗೆ ತನ್ನ ಹಣವಾದ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ ಅದರ ಬೆಲೆ ಅರ್ಧಕ್ಕೆ ಇಳಿಯಿತು. ರೈತ ಹಾಲು ಮಾರುವುದೂ ಹಿಂಡಿ ಕೊಳ್ಳುವುದೂ ಶಿಲ್ಲಿಂಗಿನಲ್ಲಿ. ಆಮದು ಯಂತ್ರದ ಬೆಲೆ ಮಾತ್ರ ಡಾಲರಿನಲ್ಲಿ ಇರಲಿ, ವಿನಿಮಯ ದರ ಒಂದು ಪ್ರತ್ಯೇಕ ಚೌಕದಲ್ಲಿ, ಬದಲಾಯಿಸಲು ಬರುವಂತೆ.

ಇನ್ನು ಉಪಗ್ರಹ ಚಿತ್ರ. ಎಂಜಿನಿಯರಿಂಗ್ ಹುಡುಗರಿಗೆ ಇದು ಬಹಳ ಇಷ್ಟ, ಯುರೋಪಿನ ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಉಚಿತವಾಗಿ ಚಿತ್ರ ಕೊಡುತ್ತದೆ. ಅದರ ಒಂದು ಚುಕ್ಕೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಕಾಲು ಎಕರೆಯ ನೇಪಿಯರ್ ಹುಲ್ಲಿನ ತುಂಡು ಎಂದರೆ ಸುಮಾರು ಹತ್ತು ಚುಕ್ಕೆ. ಅದರಲ್ಲಿ ಬಹುಪಾಲು ಅಂಚಿನವು, ಪಕ್ಕದ ಜೋಳವೋ ಬೇಲಿಯ ಮರವೋ ಬೆರೆತವು. ಜೊತೆಗೆ ಮಾರ್ಚ್–ಮೇ ಮಳೆಯಲ್ಲಿ ಮೋಡ. ಇಡೀ ತಾಲ್ಲೂಕಿನ ಹಸಿರು ಏರಿಳಿತ ನೋಡಲು, ಮಳೆಯ ದತ್ತಾಂಶದ ಜೊತೆ ಹೋಲಿಸಲು ಅದು ಉತ್ತಮ. ಒಬ್ಬ ರೈತನ ಮೇವು ಅಳೆಯಲು ಅಲ್ಲ.

ಮೇವಿನ ಲೆಕ್ಕ ಕಾಗದದ ಮೇಲೆಯೇ ಮಾಡಬಹುದು. 400 ಕಿಲೋ ತೂಕದ ಹಸುವಿಗೆ ದಿನಕ್ಕೆ ದೇಹತೂಕದ ಶೇ 3ರಂತೆ 12 ಕಿಲೋ ಒಣ ಪದಾರ್ಥ (ನೀರಿನಂಶ ಕಳೆದ ಮೇವು) ಬೇಕು. ಅರ್ಧವನ್ನು ಹುಳಿ ಬರಿಸಿ ಕೂಡಿಟ್ಟ ಹಸಿರು ಮೇವು, ಅಂದರೆ ಸೈಲೇಜ್‌ನಿಂದ ಕೊಡುವುದಾದರೆ ಆರು ಕಿಲೋ. ಸೈಲೇಜ್‌ನಲ್ಲಿ ಒಣ ಪದಾರ್ಥ ಶೇ 30 ಇದ್ದರೆ ದಿನಕ್ಕೆ 20 ಕಿಲೋ, ತೊಂಬತ್ತು ದಿನಕ್ಕೆ 1,800. ಹಾಳಾಗುವ ಶೇ 10–15 ಸೇರಿಸಿದರೆ ಹಸುವಿಗೆ ಎರಡು ಟನ್. ಘನ ಮೀಟರಿಗೆ 500 ಕಿಲೋ ತುಳಿದು ತುಂಬಿದರೆ ನಾಲ್ಕು ಘನ ಮೀಟರ್ ಗುಂಡಿಯೋ ಪ್ಲಾಸ್ಟಿಕ್ ಕೊಳವೆಯೋ ಬೇಕು. ನೇಪಿಯರ್‌ನಲ್ಲಿ ಸಕ್ಕರೆಯ ಅಂಶ ಕಡಿಮೆ, ಕಾಕಂಬಿ ಬೆರೆಸದಿದ್ದರೆ ಹುಳಿಯಾಗುವ ಬದಲು ಕೊಳೆಯುತ್ತದೆ. ಮುಸುಕಿನ ಜೋಳಕ್ಕೆ ಬೇಕಾಗಿಲ್ಲ. ಕೆಡುವುದು ಹೆಚ್ಚಾಗಿ ತುಳಿತ ಸಾಲದೆ ಗಾಳಿ ಉಳಿದಾಗ, ಮತ್ತೆ ಗುಂಡಿ ತೆರೆದ ಮೇಲೆ ದಿನಕ್ಕೆ ತೀರ ತೆಳುವಾಗಿ ತೆಗೆದಾಗ. ಒಂದೇ ಹಸು ಇರುವವನಿಗೆ ದೊಡ್ಡ ಗುಂಡಿಗಿಂತ ಸಣ್ಣ ಚೀಲಗಳು ಮೇಲು ಎನ್ನುವುದು ಇದರಿಂದಲೇ.

ಈಗ ದೂರದಿಂದ ಕಾಣದೇ ಇರುವ ವಿಷಯ. ಒಣಗಾಲದ ಕೊರತೆಗೆ ವಿದ್ಯಾರ್ಥಿಗಳು ಕೊಡುವ ಎರಡನೇ ಸಲಹೆ, ‘ಸಂಜೆ ಹಾಲನ್ನೂ ಸಂಗ್ರಹಿಸಿ’. ಬಿಎಂಸಿ ಖಾಲಿ ಇದೆ, ಸಂಜೆ ಹಾಲು ಇದೆ, ತರ್ಕ ಸರಿ. ಆದರೆ ಕೆನ್ಯಾದ ಬಹಳಷ್ಟು ಮನೆಗಳಲ್ಲಿ ಬೆಳಗಿನ ಹಾಲು ಸಂಘಕ್ಕೆ ಹೋಗುತ್ತದೆ, ಹಣ ಗಂಡನ ಹೆಸರಿನ ಖಾತೆಗೆ. ಸಂಜೆಯ ಹಾಲು ಹೆಂಡತಿಯ ಕೈಯಲ್ಲಿ: ಮಕ್ಕಳಿಗೆ ಇಷ್ಟು, ನೆರೆಯವರಿಗೆ ಇಷ್ಟು, ಆ ಚಿಲ್ಲರೆಯಲ್ಲಿ ಉಪ್ಪು, ಸೋಪು, ಪೆನ್ಸಿಲ್. ಸಂಜೆಯ ಕ್ಯಾನನ್ನೂ ಸಂಘಕ್ಕೆ ತಿರುಗಿಸಿದರೆ ಲೆಕ್ಕದಲ್ಲಿ ಮನೆಯ ಆದಾಯ ಏರುತ್ತದೆ, ಮನೆಯೊಳಗೆ ಅವಳ ಆದಾಯ ಇಳಿಯುತ್ತದೆ, ಮಕ್ಕಳ ಲೋಟದ ಹಾಲೂ ಇಳಿಯಬಹುದು. ಇದನ್ನು ಯಾವ ಲೆಡ್ಜರೂ ತೋರಿಸುವುದಿಲ್ಲ. ಸಂಜೆ ಸಂಗ್ರಹ ಮಾಡಲೇಬೇಕಾದರೆ ಸದಸ್ಯತ್ವವನ್ನೂ ಬಟವಾಡೆಯ ಮೊಬೈಲ್ ಸಂಖ್ಯೆಯನ್ನೂ ಹಾಲು ಕರೆಯುವವಳ ಹೆಸರಿಗೆ ಪ್ರತ್ಯೇಕ ಮಾಡುವ ದಾರಿ ಇದೆ. ಅದಕ್ಕೆ ಸಂಘದ ಬೈಲಾ ಒಪ್ಪುತ್ತದೆಯೇ ಎಂದು ಮೊದಲೇ ನೋಡಬೇಕು. ರಾತ್ರಿಯಿಡೀ ಮನೆಯಲ್ಲಿಟ್ಟು ಬೆಳಿಗ್ಗೆ ತರುವುದು ಉಪಾಯವಲ್ಲ. ಪ್ಲಾಸ್ಟಿಕ್ ಜೆರಿಕ್ಯಾನಿನಲ್ಲಿಟ್ಟ ಹಾಲು ಬೆಳಿಗ್ಗೆ ಹುಳಿ ಪತ್ತೆಮಾಡುವ ಆಲ್ಕೋಹಾಲ್ ಪರೀಕ್ಷೆಯಲ್ಲಿ ಒಡೆಯುತ್ತದೆ, ಅದನ್ನು ಬೆಳಗಿನ ಹಾಲಿಗೆ ಬೆರೆಸಿದ್ದರೆ ಎರಡೂ ವಾಪಸ್.

ಇಂಥದ್ದನ್ನು ತಿಳಿಯಲು ಸ್ಥಳದಲ್ಲಿ ಒಬ್ಬರು ಬೇಕು. ಸಂಘದ ವ್ಯವಸ್ಥಾಪಕರೇ ಎಲ್ಲಕ್ಕೂ ಉತ್ತರಿಸಲಿ ಎನ್ನುವ ತಂಡಗಳು ಅವರ ವಾರಕ್ಕೆ ಐದಾರು ಗಂಟೆ ತಿನ್ನುತ್ತವೆ, ಆ ಗಂಟೆಗೆ ಯಾರೂ ಹಣ ಕೊಡುವುದಿಲ್ಲ. ವಾರಕ್ಕೆ ಒಂದು ಕರೆ, ಒಂದು ಗಂಟೆ, ಹಾಲು ಇಳಿಸುವ ಹೊತ್ತು ಬಿಟ್ಟು. ಇದನ್ನು ಒಪ್ಪಂದದಲ್ಲೇ ಬರೆಯಬೇಕು. ಉಳಿದ ಕೆಲಸಕ್ಕೆ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ. ನಕೂರು ಜಿಲ್ಲೆಯ ಎಜರ್ಟನ್ ವಿಶ್ವವಿದ್ಯಾಲಯದಂಥ ಕಡೆ ಕೃಷಿಯನ್ನೂ ಡೈರಿ ವಿಜ್ಞಾನವನ್ನೂ ಓದುವವರಿದ್ದಾರೆ. ಅವರಿಗೆ ಹಸುವೂ ಗೊತ್ತು, ಭಾಷೆಯೂ ಗೊತ್ತು. ದಿನಗೂಲಿ, ಬೊಡಾ-ಬೊಡಾ ಬೈಕಿನ ಬಾಡಿಗೆ, ಮೊಬೈಲ್ ಡೇಟಾ, ಊಟ ಇಷ್ಟನ್ನು ಮುಂಗಡವಾಗಿ ಕೊಡಬೇಕು. ಯೋಜನೆಯ ಹಣದ ಅರ್ಧ ಇದಕ್ಕೇ ಮೀಸಲಿರಲಿ. ದೂರದಿಂದ ಕೆಲಸ ಮಾಡಿ ಉಳಿಸಿದ್ದು ವಿಮಾನದ ಟಿಕೆಟ್ ತಾನೆ, ಆ ಹಣ ಎಲ್ಲಿ ಹೋಯಿತು ಎಂದು ಯಾವ ವಿಭಾಗವೂ ಹೇಳುವುದಿಲ್ಲ.

ಆ ವಿದ್ಯಾರ್ಥಿ ಯಾರನ್ನು ಮಾತಾಡಿಸಬೇಕು ಎನ್ನುವುದನ್ನು ವ್ಯವಸ್ಥಾಪಕರು ಆರಿಸಬಾರದು. ಅವರು ಕಳಿಸುವುದು ಒಳ್ಳೆಯ ಕೊಟ್ಟಿಗೆಯ ಮನೆಗಳಿಗೆ. 600 ಸದಸ್ಯರ ಪಟ್ಟಿಯಲ್ಲಿ ಒಂದು ಸಂಖ್ಯೆಯಿಂದ ಶುರುಮಾಡಿ ಪ್ರತಿ ಇಪ್ಪತ್ತನೆಯವರನ್ನು ಆರಿಸಿದರೆ 30 ಮನೆ. ಜೊತೆಗೆ ಕಳೆದ ವರ್ಷ ಹಾಲು ಹಾಕುವುದನ್ನು ನಿಲ್ಲಿಸಿದವರಲ್ಲಿ ಹತ್ತು ಮಂದಿ, ನಿಜವಾದ ಉತ್ತರ ಬರುವುದು ಅವರಿಂದ. ‘ಸಾಮಾನ್ಯವಾಗಿ ಎಷ್ಟು ಹಾಲು’ ಎಂದು ಕೇಳಬಾರದು. ನಿನ್ನೆ ಬೆಳಿಗ್ಗೆ, ನಿನ್ನೆ ಸಂಜೆ, ಮೊನ್ನೆ ಎಂದು ಕೇಳಬೇಕು. ಯಾರಿಗೆ ಮಾರಿದಿರಿ, ಹಣ ಯಾರ ಕೈಗೆ ಬಂತು, ಎರಡೂ ಬೇರೆ ಪ್ರಶ್ನೆ. ಸಮೀಕ್ಷೆ ಮಾಡುವ ಆ್ಯಪ್ ಕೋಬೊ ಟೂಲ್‌ಬಾಕ್ಸ್ ಉಚಿತ, ಸಿಗ್ನಲ್ ಇಲ್ಲದೆಯೂ ಫೋನಿನಲ್ಲಿ ತುಂಬಬಹುದು. ಮೊದಲ ಐದು ಮನೆ ಮುಗಿದ ದಿನವೇ ಡೇಟಾ ನೋಡಿ ಪ್ರಶ್ನೆ ತಿದ್ದಬೇಕು, ಎಲ್ಲ ಮುಗಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಕಾನೂನಿನ ಮಾತು ಚುಟುಕಾಗಿ. ಕೆನ್ಯಾದಲ್ಲಿ 2019ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಸಂಶೋಧನೆಗೆ ನಾಕೋಸ್ಟಿ ಎಂಬ ಆಯೋಗದ ಪರವಾನಗಿ ಬೇಕು. ಸಂಘದ ಆಂತರಿಕ ಲೆಕ್ಕಕ್ಕೆ ನೆರವಾಗುವುದು ಒಂದು, ಅದನ್ನೇ ಪ್ರಬಂಧವಾಗಿ ಪ್ರಕಟಿಸುವುದು ಇನ್ನೊಂದು. ಎರಡನೆಯ ಆಸೆ ಇದ್ದರೆ ಮೊದಲೇ ಅರ್ಜಿ ಹಾಕಬೇಕು. ಉಗಾಂಡಾ 2019ರಲ್ಲಿ, ರುವಾಂಡಾ 2021ರಲ್ಲಿ, ನೈಜೀರಿಯಾ 2023ರಲ್ಲಿ ಇಂಥದ್ದೇ ಕಾಯ್ದೆ ತಂದಿವೆ. ಸದಸ್ಯರ ಹೆಸರು, ಗುರುತಿನ ಸಂಖ್ಯೆ, ಎಂ-ಪೆಸಾ ಸಂಖ್ಯೆ ತೆಗೆದು ಬರೀ ಕ್ರಮಸಂಖ್ಯೆ ಇಟ್ಟ ಮೇಲೆಯೇ ಪುಸ್ತಕ ಭಾರತಕ್ಕೆ ಬರಲಿ. ಈ ಲೆಡ್ಜರನ್ನು ಎಐ ಚಾಟ್‌ಬಾಟ್‌ಗೆ ಹಾಕಿ ‘ವಿಶ್ಲೇಷಿಸು’ ಎನ್ನುವ ಹೊಸ ರೂಢಿಯನ್ನು ವಿಭಾಗಗಳು ಬರವಣಿಗೆಯಲ್ಲೇ ನಿಷೇಧಿಸಬೇಕು. ಬೇರೆಯವರ ಖಾತೆಯ ವಿವರ ಹೊರಗೆ ಹೋಗುವುದು ಒಂದು ಕಾರಣ. ಕೇಳಿದರೆ ಯಾವುದೋ ಮಾರುಕಟ್ಟೆಯ ಹಿಂಡಿ ದರವನ್ನೂ ಅದು ಧೈರ್ಯವಾಗಿ ಹೇಳಿಬಿಡುತ್ತದೆ ಎನ್ನುವುದು ಇನ್ನೊಂದು.

ಕೊಡುವ ಫೈಲಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸಂಘದ ಕಚೇರಿಯಲ್ಲಿ ಇರುವುದು ಹಳೆಯ ಲ್ಯಾಪ್‌ಟಾಪ್, ಹಳೆಯ ಎಕ್ಸೆಲ್. ಎಕ್ಸ್‌ಲುಕಪ್ ಎಂಬ ಸೂತ್ರ 2016ರ ಎಕ್ಸೆಲ್‌ನಲ್ಲಿ ಓಡುವುದಿಲ್ಲ, ಅಲ್ಲಿ ದೋಷದ ಸಂಕೇತ ಬರುತ್ತದೆ. ವಿಲುಕಪ್ ಅಥವಾ ಇಂಡೆಕ್ಸ್-ಮ್ಯಾಚ್ ಸಾಕು. ಮ್ಯಾಕ್ರೊ ಬೇಡವೇ ಬೇಡ. ಹಾಳೆಗಳು ಮೂರು: ತುಂಬುವ ಅಂಕಿಗಳು, ಲೆಕ್ಕ, ಉತ್ತರ. ತುಂಬುವ ಚೌಕಕ್ಕೆ ಮಾತ್ರ ಹಳದಿ ಬಣ್ಣ. ಆಡಳಿತ ಮಂಡಳಿಗೆ ಒಂದು ಎ4 ಪುಟ, ಒಂದು ಬದಿ ಸ್ವಾಹಿಲಿ, ಇನ್ನೊಂದು ಬದಿ ಇಂಗ್ಲಿಷ್, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಫೋನಿನಲ್ಲಿ ಓದಲು ಬರುವಂತೆ, ಒಂದು ಎಂಬಿಗಿಂತ ಕಡಿಮೆ. ಅಲ್ಲಿ ಡೇಟಾ ಕೊಳ್ಳುವುದು ಬಂಡಲ್ ಲೆಕ್ಕದಲ್ಲಿ. ನಲವತ್ತು ಎಂಬಿಯ ಸ್ಲೈಡು ಯಾರೂ ತೆರೆಯದಿರುವುದು ಉದಾಸೀನದಿಂದಲ್ಲ.

2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ನಿಲ್ಲಿಸಿ, ಜುಲೈ ಹೊತ್ತಿಗೆ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿದ ಮೇಲೆ ಈ ವಿಷಯ ಇನ್ನಷ್ಟು ಗಂಭೀರವಾಗಿದೆ. ಬರಗಾಲದ ಮುನ್ಸೂಚನೆ ಕೊಡುತ್ತಿದ್ದ ಫ್ಯೂಸ್‌ ನೆಟ್ ಕೂಡ ಆಗ ಕೆಲವು ತಿಂಗಳು ಸ್ತಬ್ಧವಾಗಿತ್ತು. ಸಂಬಳದ ಕ್ಷೇತ್ರ ಸಿಬ್ಬಂದಿ ಇಲ್ಲವಾದ ಕಡೆ ಬಿಟ್ಟಿ ಸಲಹೆಗೆ ಬೇಡಿಕೆ ಹೆಚ್ಚುತ್ತದೆ. ಅಲ್ಲಿ ಉದ್ಯೋಗ ಕಳೆದುಕೊಂಡ ಅನುಭವಿಯ ಜಾಗದಲ್ಲಿ ಇಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೂರಿಸುವುದು ನೆರವಲ್ಲ. ಅಂಥ ಕೋರಿಕೆ ಬಂದರೆ ವಿಭಾಗಗಳು ಇಲ್ಲ ಎನ್ನಬೇಕು.

ಭಾರತ ಸರ್ಕಾರದ ಮಟ್ಟದಲ್ಲಿ ಆಫ್ರಿಕಾದ ಜೊತೆ ಸಂಬಂಧ ಹಳೆಯದು. 1964ರ ಐಟೆಕ್ ತರಬೇತಿ, 2009ರ ಪ್ಯಾನ್ ಆಫ್ರಿಕನ್ ಇ-ನೆಟ್‌ವರ್ಕ್, 2019ರ ಇ-ವಿದ್ಯಾಭಾರತಿ, 2023ರಲ್ಲಿ ಜಂಜಿಬಾರ್‌ನಲ್ಲಿ ತೆರೆದ ಐಐಟಿ ಮದ್ರಾಸ್. ಹೆಚ್ಚಿನವುಗಳಲ್ಲಿ ಪಾಠ ಇಲ್ಲಿಂದ ಅಲ್ಲಿಗೆ. ಆದರೆ ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಓದುತ್ತಿರುವ ಆಫ್ರಿಕಾದ ವಿದ್ಯಾರ್ಥಿಗಳನ್ನು ಇಂಥ ತಂಡಗಳಿಗೆ ಕರೆಯುವುದು ಏಕೆ ಅಪರೂಪ? ಸ್ವಾಹಿಲಿ ಬಲ್ಲ ತಾಂಜಾನಿಯಾದ ಹುಡುಗಿಯೊಬ್ಬಳು ತಂಡದಲ್ಲಿದ್ದರೆ ಗಡಿಯಾರದ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತದೆ. ಅವಳನ್ನು ಅನುವಾದಕ್ಕೆ ಮಾತ್ರ ಕೂರಿಸಿದರೆ ಅದೂ ಸಿಗುವುದಿಲ್ಲ, ಪ್ರಶ್ನೆ ರೂಪಿಸುವ ಜಾಗದಲ್ಲಿ ಕೂರಿಸಬೇಕು.

ಕೊನೆಗೆ ಸೆಮಿಸ್ಟರಿನ ಕಥೆ. ಫೆಬ್ರುವರಿಯಲ್ಲಿ ಶುರುಮಾಡಿ ಮೇ ಕೊನೆಗೆ ಮುಗಿಸುವ ತಂಡದ ಕಣ್ಣ ಮುಂದೆಯೇ ಹಾಲು ಏರುತ್ತದೆ, ಏಕೆಂದರೆ ಮಾರ್ಚ್ ಕೊನೆಯಿಂದ ಮಳೆ. ‘ನಮ್ಮ ಸಲಹೆಯ ನಂತರ ಸ್ವೀಕಾರ ಶೇ 60 ಏರಿತು’ ಎಂದು ಬರೆಯುವ ಆಸೆ ಆಗ ತಡೆಯಲಾಗದು. ಹೋಲಿಕೆ ಹಿಂದಿನ ವರ್ಷದ ಅದೇ ತಿಂಗಳಿಗೆ ಇರಬೇಕು, ಪಕ್ಕದ ಸಂಘದ ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು. ಒಣಗಾಲದ ಬಟವಾಡೆಯ ಸಲಹೆ ಸರಿಯೋ ತಪ್ಪೋ ತಿಳಿಯುವುದು ಮುಂದಿನ ಜನವರಿಯಲ್ಲಿ, ಆಗ ಸಲಹೆ ಕೊಟ್ಟವರು ಕೆಲಸಕ್ಕೆ ಸೇರಿರುತ್ತಾರೆ. ಹಾಗಾಗಿ ವಿಭಾಗಗಳು ಒಂದೇ ಸಂಘದ ಜೊತೆ ಕನಿಷ್ಠ ಎರಡು ವರ್ಷದ ಒಪ್ಪಂದ ಮಾಡಿಕೊಳ್ಳಲಿ. ಮೊದಲ ತಂಡ ಬಿಟ್ಟುಹೋಗುವ ಮುಂಚೆ ಯಾವ ಅಂಕಿ ಎಲ್ಲಿಂದ ಬಂತು, ಯಾವುದು ಊಹೆ, ಯಾರು ಹೇಳಿದ್ದು ಎಂದು ದಿನಾಂಕದ ಸಮೇತ ಒಂದು ಕಡತ ಬರೆದಿಡಲಿ. ಜನವರಿಯಲ್ಲಿ ಎರಡನೇ ತಂಡ ಅದನ್ನು ತೆರೆದು, ಆ 183 ಲೀಟರ್ ಬಂತೇ ಎಂದು ಸ್ವೀಕಾರ ಪುಸ್ತಕದಲ್ಲಿ ನೋಡಿ, ಬಾರದಿದ್ದರೆ ವಾರದ ಬಟವಾಡೆ ನಿಲ್ಲಿಸಿ ಎಂದು ಆಡಳಿತ ಮಂಡಳಿಗೆ ಬರೆಯಬೇಕು. ಇಂಟರ್ನ್‌ಶಿಪ್ ಅಂಕಗಳಲ್ಲಿ ಒಂದು ಪಾಲನ್ನು ವರದಿಗೆ ಕೊಡದೆ ಈ ಕಡತಕ್ಕೆ ಕೊಡುವುದು ವಿಭಾಗ ಮುಖ್ಯಸ್ಥರ ಒಂದು ಸುತ್ತೋಲೆಯಿಂದ ಆಗುವ ಕೆಲಸ.

ಇತಿ,
ಗ್ರಾಮೀಣ ಅಭಿವೃದ್ಧಿ ಮತ್ತು ಹೈನುಗಾರಿಕೆ ವಿಷಯದ ಇಬ್ಬರು ಅಧ್ಯಾಪಕರು,
ಬೆಂಗಳೂರು